ಮರಳುಮಿಶ್ರಿತ ಕೆಮ್ಮಣ್ಣಿಗೆ ಹೈಡ್ರೋಜೆಲ್ ಹಾಕಬಹುದೇ?

ಪ್ರಶ್ನೆ: ಅರಸೀಕೆರೆ ತಾಲ್ಲೂಕಿನಲ್ಲಿ ನನಗೆ ಎರಡು ಎಕರೆ ಮರಳುಮಿಶ್ರಿತ ಕೆಮ್ಮಣ್ಣಿನ ಹೊಲವಿದೆ. ಮಳೆಯಾಶ್ರಯದಲ್ಲಿ ರಾಗಿ ಬೆಳೆಯುತ್ತೇನೆ, ಬದುವಿನ ಮೇಲೆ ತೆಂಗಿನ ಮರಗಳಿವೆ. ಮಳೆ ನಿಂತ ವಾರದೊಳಗೆ ಪೈರು ಬಾಡುತ್ತದೆ. ಎಕರೆಗೆ 2 ಕೆ.ಜಿ. ಹೈಡ್ರೋಜೆಲ್ (ನೀರು ಹೀರಿ ಉಬ್ಬುವ ಪುಡಿ) ಹಾಕಿದರೆ ಅದು ತನ್ನ ತೂಕದ 400 ಪಟ್ಟು ನೀರು ಹಿಡಿದಿಡುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಬಹುದೇ?

ಉತ್ತರ: ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಹೈಡ್ರೋಜೆಲ್ ಶುದ್ಧ ನೀರಿನಲ್ಲಿ ತನ್ನ ತೂಕದ 350 ಪಟ್ಟಿಗಿಂತ ಹೆಚ್ಚು ನೀರನ್ನು ಹೀರಬಲ್ಲದು. ಎಕರೆಗೆ 1ರಿಂದ 2 ಕೆ.ಜಿ. ಎಂಬ ಪ್ರಮಾಣವೂ ಸರಿಯೇ. ಆದರೆ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು ನೋಡಿ. 2 ಕೆ.ಜಿ. ಪುಡಿ 400 ಪಟ್ಟು ಹೀರಿದರೆ ಸಿಗುವುದು 800 ಲೀಟರ್ ನೀರು. ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ಆಗುತ್ತದೆ. ತೆನೆ ಬರುವ ಹೊತ್ತಿನ ರಾಗಿಗೆ ದಿನವೊಂದಕ್ಕೆ ಇದರ ಮೂರು-ನಾಲ್ಕು ಪಟ್ಟು ನೀರು ಬೇಕು. ಪ್ರತಿ ಮಳೆಗೂ ಜೆಲ್ ಮತ್ತೆ ತುಂಬಿಕೊಳ್ಳುತ್ತದೆ ಎಂಬುದನ್ನು ಒಪ್ಪಿಕೊಂಡರೂ, ಇಡೀ ಹೊಲದ ಪೈರನ್ನು ವಾರಗಟ್ಟಲೆ ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಇದರ ಜೊತೆಗೆ, ಸುಣ್ಣದ ಅಂಶ ಹೆಚ್ಚಿರುವ ಗಡಸು ಬೋರ್‌ವೆಲ್ ನೀರಿನಲ್ಲಿ ಅದು ಹೀರುವ ಪ್ರಮಾಣ ಬಹಳಷ್ಟು ಕುಸಿಯುತ್ತದೆ. ಸಸಿಮಡಿಯಲ್ಲಿ, ತೆಂಗಿನ ಸಸಿ ನೆಡುವ ಗುಂಡಿಯಲ್ಲಿ, ಬೇರಿನ ಪಕ್ಕದಲ್ಲೇ ಇಟ್ಟಾಗ ಜೆಲ್‌ನಿಂದ ಪ್ರಯೋಜನವಿದೆ. ರಾಗಿ ಹೊಲಕ್ಕೆ ಅದನ್ನು ಎರಚಿ ಹಣ ಕಳೆದುಕೊಳ್ಳಬೇಡಿ ಎಂಬುದೇ ನನ್ನ ಸಲಹೆ.

ನಿಮ್ಮ ಮಣ್ಣಿನಲ್ಲಿ ಕೊರತೆಯಿರುವುದು ಜೇಡಿ ಮತ್ತು ಸಾವಯವ ಅಂಶ. ಇವೆರಡನ್ನೂ ಕೊಡುವ ವಸ್ತು ನಿಮ್ಮ ಊರಿನ ಕೆರೆಯಲ್ಲೇ ಇದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ, ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ ಅನುಮತಿ ಪಡೆದು ಗೋಡನ್ನು, ಅಂದರೆ ಕೆರೆಯ ತಳದ ಹೂಳುಮಣ್ಣನ್ನು, ಹೊಲಕ್ಕೆ ಹೊಡೆಸಿ. ಒಂದು ಎಕರೆಗೆ ಒಂದು ಸೆಂಟಿಮೀಟರ್ ದಪ್ಪ ಹರಡಲು ಸುಮಾರು 40 ಘನ ಮೀಟರ್ ಬೇಕು. ನಿಮ್ಮ ಟ್ರ್ಯಾಕ್ಟರ್ ಟ್ರೈಲರಿನ ಅಳತೆ ನೋಡಿ ಎಷ್ಟು ಲೋಡು ಎಂದು ಲೆಕ್ಕ ಹಾಕಿಕೊಳ್ಳಬಹುದು. ಒಮ್ಮೆಗೇ ಎರಡೂ ಎಕರೆಗೆ ಹೊಡೆಸುವ ಸಾಗಣೆ ಖರ್ಚು ಭಾರವಾದರೆ ವರ್ಷಕ್ಕೆ ಅರ್ಧ ಎಕರೆಯಂತೆ ಮಾಡಿ. ಹೊಡೆಸುವ ಮೊದಲು ಗೋಡಿನ ಒಂದು ಮಾದರಿಯನ್ನು ಮಣ್ಣು ಪರೀಕ್ಷೆಗೆ ಕೊಡುವುದನ್ನು ದಯವಿಟ್ಟು ಮರೆಯಬೇಡಿ, ಏಕೆಂದರೆ ಚೌಳು (ಉಪ್ಪಿನಂಶ ಹೆಚ್ಚಿರುವ) ಗೋಡು ಹೊಲಕ್ಕೆ ಬಿದ್ದರೆ ಅದನ್ನು ಹಿಂದಕ್ಕೆ ತೆಗೆಯಲು ದಾರಿಯಿಲ್ಲ. ಅದೇ ಸಮಯದಲ್ಲಿ ಹೊಲದ ಮಣ್ಣನ್ನೂ ಪರೀಕ್ಷಿಸಿ; ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆಯಿದ್ದರೆ ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರವನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಗೊಬ್ಬರ ಸಾಲದಿದ್ದರೆ ಮುಂಗಾರು ಪೂರ್ವ ಮಳೆಗೆ ಹಸಿರೆಲೆ ಗೊಬ್ಬರದ ಬೆಳೆಯಾದ ಅಪ್ಸೆಣಬು ಬಿತ್ತಿ, ಹೂ ಬಿಡುವ ಹಂತದಲ್ಲಿ ಉಳುಮೆ ಮಾಡಿ ಮಣ್ಣಿಗೆ ಸೇರಿಸಿದರೆ, ಮುಂದೆ ರಾಗಿ ಬಿತ್ತನೆಗೂ ಅಡ್ಡಿಯಾಗುವುದಿಲ್ಲ.

ತೆಂಗಿಗೆ ಇನ್ನೂ ಸುಲಭದ ಉಪಾಯವಿದೆ. ಕಾಯಿ ಸುಲಿದ ಮಟ್ಟೆಯನ್ನು ಪೂರ್ತಿ ಮಾರಿಬಿಡಬೇಡಿ. ಮಳೆಗಾಲದ ಆರಂಭದಲ್ಲಿ ಬುಡದಿಂದ 2 ಮೀಟರ್ ದೂರದಲ್ಲಿ ಮರದ ಸುತ್ತ ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಚರ ತೆಗೆದು, ಮಟ್ಟೆಯ ಒಳಭಾಗ ಮೇಲೆ ಬರುವಂತೆ ಸಾಲಾಗಿ ಜೋಡಿಸಿ ಮಣ್ಣು ಮುಚ್ಚಿದರೆ, ಅದು ಐದಾರು ವರ್ಷ ತೇವವನ್ನು ಹಿಡಿದಿಡುತ್ತದೆ. ನಾರಿನ ಕಾರ್ಖಾನೆಯ ಹೊಟ್ಟನ್ನು ಮಾತ್ರ ಹಸಿಯಾಗಿ ಹಾಕಬೇಡಿ. ಅದರಲ್ಲಿ ಸಾರಜನಕಕ್ಕೆ ಹೋಲಿಸಿದರೆ ಇಂಗಾಲ ನೂರು ಪಟ್ಟಿಗೂ ಹೆಚ್ಚಿರುವುದರಿಂದ, ಕೊಳೆಯುವಾಗ ಅದು ಮಣ್ಣಿನಲ್ಲಿರುವ ಸಾರಜನಕವನ್ನೇ ಎಳೆದುಕೊಂಡು ಬೆಳೆ ಹಳದಿಯಾಗುತ್ತದೆ. ಒಂದು ಟನ್ ಹೊಟ್ಟಿಗೆ 5 ಕೆ.ಜಿ. ಯೂರಿಯಾ ಹಾಗೂ ಪ್ಲೂರೋಟಸ್ ಅಣಬೆ ಬೀಜವನ್ನು ಪದರಪದರವಾಗಿ ಹಾಕಿ, ತೇವ ಆರದಂತೆ ನೋಡಿಕೊಂಡು, ಹೊಟ್ಟು ಕಪ್ಪಾಗಿ ಕಳಿತ ಮೇಲೆಯೇ ಬಳಸಿ.

ಜೆಲ್ ಬಗ್ಗೆ ನಿಮಗೆ ಇನ್ನೂ ಆಸೆಯಿದ್ದರೆ ಹತ್ತು ಸಾಲಿಗೆ ಹಾಕಿ, ಪಕ್ಕದ ಹತ್ತು ಸಾಲನ್ನು ಹಾಗೆಯೇ ಬಿಟ್ಟು, ಕಟಾವಿನಲ್ಲಿ ಎರಡನ್ನೂ ಬೇರೆಬೇರೆಯಾಗಿ ತೂಗಿ ನೋಡಿ.

ಪ್ರಶ್ನೆ: ಮೂಡಿಗೆರೆಯ ನಮ್ಮ ಕಾಫಿ ತೋಟದ ಮಣ್ಣಿನ ರಸಸಾರ (pH) 4.8 ಬಂದಿದೆ. ಜಿಪ್ಸಂ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ. ಜಿಪ್ಸಂ ಕ್ಯಾಲ್ಸಿಯಂ ಅನ್ನೂ ಗಂಧಕವನ್ನೂ ಒದಗಿಸುತ್ತದೆ, ಆದರೆ ಹುಳಿ ಮಣ್ಣಿನ ರಸಸಾರವನ್ನು ಏರಿಸುವುದಿಲ್ಲ; ಅದರ ಮುಖ್ಯ ಕೆಲಸವಿರುವುದು ಕ್ಷಾರ ಭೂಮಿಯಲ್ಲಿ. ನಿಮಗೆ ಬೇಕಾದದ್ದು ಕೃಷಿ ಸುಣ್ಣ ಅಥವಾ ಡೋಲೋಮೈಟ್ (ಮೆಗ್ನೀಸಿಯಂ ಕೂಡ ಇರುವ ಸುಣ್ಣಕಲ್ಲಿನ ಪುಡಿ). ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ಮಣ್ಣಿನ ವರದಿ ತೋರಿಸಿ ಪ್ರಮಾಣ ಕೇಳಿಕೊಳ್ಳಿ. ಮಣ್ಣಿನಲ್ಲಿ ತೇವವಿರುವಾಗ ಸುಣ್ಣ ಹರಡಿ, ಅದಾದ ಮೇಲೆ ರಾಸಾಯನಿಕ ಗೊಬ್ಬರ ಕೊಡಲು ಕೆಲವು ವಾರಗಳ ಅಂತರ ಬಿಡಿ. ಯೂರಿಯಾವನ್ನು ಸುಣ್ಣದ ಜೊತೆಯಲ್ಲೇ ಹಾಕಿದರೆ ಅದರ ಸಾರಜನಕ ಅಮೋನಿಯಾ ಅನಿಲವಾಗಿ ಗಾಳಿಗೆ ಹೋಗುತ್ತದೆ.