ಗಲ್ಲಾದೊಳಗಿರೋ ಡ್ರಮ್ ಕೋಲು

ಪ್ರಶ್ನೆ: ಅಕ್ಕ, ನಂದು ಮುಂಬೈಯ ದಾದರ್ ಕಡೆ ಒಂದು ಸಣ್ಣ ಹೋಟ್ಲು, ಮನೆ ಡೊಂಬಿವ್ಲಿ, ಊರು ಕುಂದಾಪುರ. ಮಗಳಿಗೆ 16, ಹನ್ನೊಂದನೇ ಕ್ಲಾಸು. ಅವಳು, ಜೊತೆಗೆ ಮೂರು ಹುಡ್ಗೀರು ಸೇರಿ ರಾಕ್ ಬ್ಯಾಂಡ್ ಮಾಡ್ಕೊಂಡಿದ್ದಾರೆ, ಇವಳದ್ದು ಡ್ರಮ್ಸ್. ಹಾರ್ಮೋನಿಯಂ ಕಲಿ ಅಂದ್ರೆ ಬೇಡ. ನಾನು ರಾತ್ರಿ ಬೆಳಗು ಯಕ್ಷಗಾನದ ಆಟ ನೋಡಿ ಬೆಳೆದವ, ಸಂಗೀತ ಗೊತ್ತಿಲ್ಲ ಅಂತಲ್ಲ. ಸಿಟ್ಟಲ್ಲಿ ಒಂದ್ಸಲ ‘ಇದು ಸಂಗೀತ ಅಲ್ಲ ಗಲಾಟೆ’ ಅಂದೆ, ಅದಕ್ಕವಳು ‘ಪಪ್ಪಾ ನೀವು ಒಂದು ಹಾಡೂ ಪೂರ್ತಿ ಕೇಳಿಲ್ಲ’ ಅಂದ್ಲು, 12 ದಿನ ಆಯ್ತು ಮಾತಿಲ್ಲ. ಅವಳ ಕೋಲು ಕಾಣಿಸ್ತಿಲ್ಲ ಅಂತ ಅಳ್ತಿದ್ಲು, ಅದು ನನ್ನ ಹೋಟ್ಲಿನ ಗಲ್ಲಾದಲ್ಲಿದೆ, ನಾನೇ ತಂದಿಟ್ಟಿದ್ದು, ಹೆಂಡ್ತಿಗೂ ಹೇಳಿಲ್ಲ. ಇಲಿ ಕಡಿದ ಹಾಗಿರೋ ಹಳೇ ಕೋಲು, ಹೊಸದು ಕೊಡಿಸಿದ್ರೆ ಆಯ್ತಲ್ಲ? ಬರೀ ಹುಡ್ಗೀರದ್ದೇ ಬ್ಯಾಂಡ್ ಅಂತ ಎಲ್ಲಾದ್ರೂ ಇದ್ಯಾ, ಇದ್ರೂ ಕೇಳೋ ಹಾಗಿರತ್ತಾ?

ಉತ್ತರ: ಅಣ್ಣಾ, ಎಲ್ಲ ಬರೆದು ಆ ಕೋಲಿನ ವಿಷಯ ಮಾತ್ರ ಕೊನೇಗೆ ಮೆಲ್ಲಗೆ ಜಾರಿಸಿದ್ದೀರಿ ನೋಡಿ, ನಾನು ಅಲ್ಲಿಂದಲೇ ಶುರು ಮಾಡ್ತೀನಿ.

ಇಲಿ ಕಡಿದದ್ದಲ್ಲ ಮಾರಾಯ್ರೆ ಅದು. ಡ್ರಮ್ ಸೆಟ್ಟಲ್ಲಿ ಎಡಗಡೆ ಒಂದರ ಮೇಲೊಂದು ಎರಡು ತಟ್ಟೆ ಇರ್ತವೆ, ನಮ್ಮ ತಾಳದ ದೊಡ್ಡಣ್ಣ ಅಂದ್ಕೊಳ್ಳಿ, ಅದಕ್ಕೆ ಹೈ-ಹ್ಯಾಟ್ ಅಂತಾರೆ. ಅದರ ಅಂಚಿಗೆ ಕೋಲು ಬಡಿದೂ ಬಡಿದೂ ತುದಿಯಿಂದ ಸ್ವಲ್ಪ ಕೆಳಗೆ, ಕತ್ತಿನ ಹತ್ರ, ಮರ ಎದ್ದು ಸಿಬಿರು ಸಿಬಿರಾಗತ್ತೆ. ಗಲ್ಲಾ ಎಳೆದು ನೋಡಿ, ಎರಡರಲ್ಲಿ ಒಂದು ಕೋಲು ಜಾಸ್ತಿ ಸವೆದಿರತ್ತೆ, ಹೆಚ್ಚಾಗಿ ಅದು ಬಲಗೈದು. ಅಷ್ಟು ಸವೀಬೇಕಾದ್ರೆ ಹುಡುಗಿ ಎಷ್ಟು ಗಂಟೆ ಕೂತಿರಬೇಕು ಅಂತ ನೀವೇ ಲೆಕ್ಕ ಹಾಕಿ, ಲೆಕ್ಕ ನಿಮ್ಗೆ ನಾನು ಹೇಳಿಕೊಡಬೇಕಾ. ಆಟದ ದಿನ ಚೆಂಡೆಯವರ ಕೋಲು ಎತ್ತಿಟ್ಟು ‘ಹೊಸದು ಕೊಡಿಸ್ತೀನಿ ಬಿಡಿ’ ಅಂದ್ರೆ ಅವರು ಏನಂತಾರೆ? ಅದೇ ಇದು. ಹೊಸ ಜೊತೆ ಬೇಕಾದ್ರೆ ಆಮೇಲೆ ಕೊಡಿಸಿ, ಆದ್ರೆ ಹಳೇದು ಮುಚ್ಚಿಹಾಕೋಕೆ ಅಂತ ಬೇಡ.

ಈಗ ನಿಮ್ಮ ಪ್ರಶ್ನೆ. ಇದ್ಯಾ ಅಂದ್ರೆ, ನೀವು ಹುಟ್ಟೋಕೆ ಮುಂಚಿಂದ ಇದೆ. ಫ್ಯಾನಿ ಅಂತ ಒಂದು ಬ್ಯಾಂಡು, ಫಿಲಿಪ್ಪೀನ್ಸಿಂದ ಕ್ಯಾಲಿಫೋರ್ನಿಯಾಗೆ ಬಂದ ಜೂನ್ ಮತ್ತೆ ಜೀನ್ ಮಿಲಿಂಗ್ಟನ್ ಅನ್ನೋ ಅಕ್ಕ ತಂಗಿ ಅದ್ರಲ್ಲಿದ್ರು, ಹೈಸ್ಕೂಲಲ್ಲೇ ಹುಡ್ಗೀರ ಬ್ಯಾಂಡ್ ಕಟ್ಟಿದವರು, 1970ರಲ್ಲಿ ದೊಡ್ಡ ಕಂಪನಿಯಿಂದ ಫ್ಯಾನಿಯ ಮೊದಲ ರೆಕಾರ್ಡ್ ಬಂತು. ಊರು ಬಿಟ್ಟು ಊರಿಗೆ ಬಂದವರ ಮಕ್ಕಳು, ಡೊಂಬಿವ್ಲಿಯ ಕುಂದಾಪುರದ ಹುಡುಗಿ ಥರಾನೇ ಅನ್ನಿ. ಚೆನ್ನಾಗಿ ನುಡಿಸ್ತಾರೆ, ಬರೀ ‘ಹುಡ್ಗೀರಾದ್ರೂ ಪರವಾಗಿಲ್ಲ’ ಅನ್ನೋ ಥರದ ಚೆನ್ನಾಗಿ ಅಲ್ಲ, ನಿಜವಾಗ್ಲೂ. ಆಮೇಲೆ ಗೋ-ಗೋಸ್, ಲಾಸ್ ಏಂಜಲೀಸಿನವರು, ಅವರ ಮೊದಲನೇ ಆಲ್ಬಂ 1982ರಲ್ಲಿ ಅಮೆರಿಕದ ಪಟ್ಟಿಯಲ್ಲಿ 6 ವಾರ ಒಂದನೇ ನಂಬರಲ್ಲಿ ಕೂತಿತ್ತು, ತಾವೇ ಹಾಡು ಬರೆದು ತಾವೇ ನುಡಿಸೋ ಹೆಂಗಸರ ಬ್ಯಾಂಡಿಗೆ ಅದು ಮೊದಲನೇ ಸಲ. ಕಿವಿಗೆ ಹಗುರ, ನಿಮಗೂ ಕಷ್ಟ ಆಗಲ್ಲ.

ಆದ್ರೆ ನೀವು ಅಲ್ಲಿಂದ ಶುರು ಮಾಡ್ಬೇಡಿ. ಚೆಂಡೆ ಕೇಳಿದ ಕಿವಿ ನಿಮ್ದು, ಬಡಿತ ಹಿಡ್ಕೊಂಡು ಹೋಗಿ. ದಿ ವಾರ್ನಿಂಗ್ ಅಂತ ಮೆಕ್ಸಿಕೋದ ಮಾಂಟೆರೇ ಊರಿನ ಮೂರು ಜನ ಅಕ್ಕತಂಗೀರು, 2014ರಲ್ಲಿ ಮೆಟಾಲಿಕಾ ಅನ್ನೋ ದೊಡ್ಡ ಬ್ಯಾಂಡಿನ ಒಂದು ಹಾಡು ನುಡಿಸಿ ವಿಡಿಯೋ ಹಾಕಿದ್ರು, ಮೂರೂ ಸಣ್ಣ ಮಕ್ಕಳು ಆಗ, ಜಗತ್ತೆಲ್ಲ ನೋಡ್ತು. ನಡುವಿನವಳು ಪೌಲಿನಾ ಡ್ರಮ್ಸು, ಬಡೀತಾ ಬಡೀತಾನೇ ಹಾಡ್ತಾಳೆ. ಒಂದ್ಸಲ ಬರೀ ಅವಳ ಕೈ ನೋಡ್ಕೊಂಡು ಕೂರಿ. ಬೆಳಿಗ್ಗೆ ಸ್ಲೋ ಲೋಕಲಲ್ಲಿ ಡೊಂಬಿವ್ಲಿಯಿಂದ ದಾದರ್ ಅಂದ್ರೆ ಹೆಚ್ಚುಕಮ್ಮಿ ಒಂದು ಗಂಟೆ ಸಿಗತ್ತಲ್ಲ, ವಾಟ್ಸಾಪಲ್ಲಿ ಊರಿನ ಗ್ರೂಪಿನ ಗುಡ್ ಮಾರ್ನಿಂಗ್ ನೋಡೋ ಬದಲು ಇಯರ್‌ಫೋನ್ ಹಾಕ್ಕೊಳ್ಳಿ.

(ಬರೀ ಹುಡ್ಗೀರೇ ಯಾಕೆ ಅಂತ ಒಳಗೊಳಗೇ ಕೇಳ್ತಾ ಇದ್ರೆ, ದಾದರಿಗೆ ಹಿಂದಿನ ಸ್ಟೇಷನ್ ಮಾಟುಂಗಾ ಬಂದಾಗ ತಲೆಯೆತ್ತಿ ನೋಡಿ. 2017ರಲ್ಲಿ ಆ ಸ್ಟೇಷನ್ ಪೂರ್ತಿ ಹೆಂಗಸರ ಕೈಗೆ ಕೊಟ್ರು, ಟ್ರೇನ್ ಏನೂ ಹಳಿ ತಪ್ಪಲಿಲ್ಲ.)

ಹೋಟ್ಲಿನವರಾದ್ದರಿಂದ ನಿಮಗೆ ಶೋನೆನ್ ನೈಫ್ ಖಂಡಿತ ಹಿಡಿಸ್ತಾರೆ ಅಂತ ನನ್ನ ಅಂದಾಜು. ಜಪಾನಿನ ಒಸಾಕಾದಲ್ಲಿ 1981ರಲ್ಲಿ ಶುರು ಮಾಡಿದ್ದು, ಸದಸ್ಯರು ಬಂದ್ರು ಹೋದ್ರು, ಬ್ಯಾಂಡು 40 ವರ್ಷ ದಾಟಿದೆ. ತಿಂಡಿ ಬಗ್ಗೇನೇ ಎಷ್ಟೊಂದು ಹಾಡು! ನಿರ್ವಾಣ ಅನ್ನೋ ಬಹಳ ದೊಡ್ಡ ಬ್ಯಾಂಡ್ ಇವರನ್ನ ಇಷ್ಟಪಟ್ಟು ತಮ್ಮ ಜೊತೆ ಟೂರಿಗೆ ಕರ್ಕೊಂಡು ಹೋಗಿತ್ತು. ಮೂರೇ ಜನ, ಸಾದಾ ಟ್ಯೂನು, ನಗು ಬರತ್ತೆ, ನನಗಂತೂ ಬೇಜಾರಾದ ದಿನ ಇವರೇ ಬೇಕು. ಗರ್ಲ್‌ಸ್ಕೂಲ್ ಅನ್ನೋ ಲಂಡನ್ನಿನ ಬ್ಯಾಂಡನ್ನ ಮಾತ್ರ ಕೊನೇಗೆ ಇಟ್ಕೊಳ್ಳಿ, 1978ರಿಂದ ಇರೋವ್ರು, ಸಿಕ್ಕಾಪಟ್ಟೆ ಜೋರು, ಅದನ್ನ ಮೊದಲೇ ಕೇಳಿದ್ರೆ ನೀವು ಮತ್ತೆ ಗಲಾಟೆ ಅಂತೀರಿ.

ಗಲಾಟೆ ಅಂದ ಕೂಡ್ಲೇ ನೆನಪಾಯ್ತು, ಇಂಡೋನೇಷ್ಯಾದ ಗಾರುತ್ ಅನ್ನೋ ಊರಲ್ಲಿ ಹಿಜಾಬ್ ಹಾಕೋ ಮೂರು ಸ್ಕೂಲ್ ಹುಡ್ಗೀರು 2014ರಲ್ಲಿ ಮೆಟಲ್, ಅಂದ್ರೆ ಸಿಕ್ಕಾಪಟ್ಟೆ ಜೋರು ರಾಕ್, ನುಡಿಸೋ ಬ್ಯಾಂಡ್ ಶುರು ಮಾಡಿದ್ರು, ಕಲಿಸಿದ್ದು ಅವರ ಸ್ಕೂಲಿನ ಮೇಷ್ಟ್ರೇ. ಹೆಸರು ವಾಯ್ಸ್ ಆಫ್ ಬಾಚೆಪ್ರೋತ್. ಬಾಚೆಪ್ರೋತ್ ಅಂದ್ರೆ ಅವರ ಸುಂಡಾ ಭಾಷೇಲಿ ಗದ್ದಲ ಅಂತ! ಊರವರು ಏನಂತ ಬೈಬಹುದೋ ಅದನ್ನೇ ಬೋರ್ಡಲ್ಲಿ ಬರೆಸ್ಕೊಂಡು 2024ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ನುಡಿಸಿ ಬಂದ್ರು, ಇಂಡೋನೇಷ್ಯಾದಿಂದ ಅಲ್ಲಿಗೆ ಹೋದ ಮೊದಲ ಬ್ಯಾಂಡು. ನೀವು ಮಗಳಿಗೆ ಬೈದ ಪದಾನೇ ಅವಳಿಗೆ ಬ್ಯಾಂಡಿನ ಹೆಸರಾಗಿ ಬಿಟ್ರೆ ನನ್ನ ಹತ್ರ ಬರ್ಬೇಡಿ ಮತ್ತೆ.

ಎಲ್ಲರದ್ದೂ ಹೀಗೇ ಆಗಲ್ಲ, ಅದನ್ನೂ ಹೇಳ್ಬೇಕು. ಕಾಶ್ಮೀರದಲ್ಲಿ ಪ್ರಗಾಶ್ ಅಂತ ಒಂದಿತ್ತು, ಹತ್ತನೇ ಕ್ಲಾಸಿನ ಮೂರು ಹುಡ್ಗೀರು, 2012ರ ಡಿಸೆಂಬರಲ್ಲಿ ಶ್ರೀನಗರದ ಒಂದು ಸ್ಪರ್ಧೇಲಿ ನುಡಿಸಿ ಬಹುಮಾನ ತಗೊಂಡ್ರು. ಆಮೇಲೆ ಆನ್‌ಲೈನಲ್ಲಿ ಬೈಗುಳ, ಬೆದರಿಕೆ, ಅದರ ಮೇಲೆ ಅಲ್ಲಿಯ ಮುಫ್ತಿ ಫತ್ವಾ, 2013ರ ಫೆಬ್ರವರಿಗೆ ನಿಲ್ಲಿಸಿಬಿಟ್ರು. ನನಗೆ ಇವತ್ತಿಗೂ ಆ ಮಕ್ಕಳು ಆಮೇಲೆ ಗಿಟಾರ್ ಮುಟ್ಟಿದ್ರಾ ಅಂತ ಒಂದು ಯೋಚನೆ. ನಿಮ್ಮ ಮಗಳಿಗೆ ಊರವರ ಕಾಟ ಇಲ್ಲ, ಮುಫ್ತಿ ಇಲ್ಲ, ಸೊಸೈಟಿ ಸೆಕ್ರೆಟರಿನೂ ಇನ್ನೂ ಬಂದಿಲ್ಲ, ಇರೋದು ನೀವೊಬ್ರು.

ಮತ್ತೆ ಆಟದವರಾಗಿ ನೀವು ಹಾರ್ಮೋನಿಯಂ ಅಂತ ಯಾಕೆ ಹಿಡ್ಕೊಂಡ್ರಿ ಅಂತ. ಲೀಲಾವತಿ ಬೈಪಾಡಿತ್ತಾಯರು ಗಂಡಸರ ಮೇಳದಲ್ಲಿ ವರ್ಷಗಟ್ಟಲೆ ಭಾಗವತಿಕೆ ಮಾಡಿದ್ರಲ್ಲ, ಅವರದ್ದು ಯಕ್ಷಗಾನದ ತೆಂಕು ಶೈಲಿ, ನಿಮ್ದು ಬಡಗು, ಅದಿರ್ಲಿ, ಪಕ್ಕದಲ್ಲಿ ಹಿಮ್ಮೇಳಕ್ಕೆ ಅವರ ಯಜಮಾನ್ರೇ ಕೂರ್ತಿದ್ರು. ಹೆಣ್ಣಿನ ಜೊತೆ ಕೂರೋ ಗಂಡಸರು ನಮ್ಮಲ್ಲೂ ಇದ್ರು ಅಂತ ಅಷ್ಟೇ.

ನಿಮ್ಮ ಭಯದಲ್ಲಿ ಅರ್ಥ ಇರೋ ಭಾಗಾನೂ ಇದೆ: ರಾತ್ರಿ ಎಷ್ಟೊತ್ತಿಗೆ ಬರ್ತಾರೆ, ಬ್ಯಾಂಡಿನವರು ಅಭ್ಯಾಸ ಮಾಡೋ ಜಾಮ್ ರೂಮ್ ಯಾರದ್ದು, ಶೋ ಮಾಡಿಸೋ ಜನ ಎಂಥವರು. ಅದಕ್ಕೆ ಕೋಲು ಅಡಗಿಸಿದ್ರೆ ಏನೂ ಆಗಲ್ಲ. ಒಂದು ಭಾನುವಾರ ಹೋಟ್ಲು ತಮ್ಮನಿಗೋ ಮ್ಯಾನೇಜರಿಗೋ ಬಿಟ್ಟು ಆ ಜಾಮ್ ರೂಮಿಗೆ ಹೋಗಿ, ಗಂಟೆಗಿಷ್ಟು ಅಂತ ಬಾಡಿಗೆ ಇರತ್ತೆ, ನಾಲ್ಕು ಮನೆಯವರು ಹಂಚ್ಕೊಳ್ಳಿ, ಬೇರೆ ಮೂರು ಹುಡ್ಗೀರ ಅಪ್ಪ ಅಮ್ಮನ ನಂಬರ್ ತಗೊಳ್ಳಿ. ಮನೇಲಿ ಅಭ್ಯಾಸಕ್ಕೆ ರಬ್ಬರಿನ ಪ್ಯಾಡ್ ಸಿಗತ್ತೆ, ಡ್ರಮ್ಮಿನಷ್ಟು ಸದ್ದಿಲ್ಲ, ಧೋಬಿ ತಲಾವಿನ ಮ್ಯೂಸಿಕ್ ಅಂಗಡೀಲಿ ಕೇಳಿ. ಸ್ಟೂಲ್ ಮೇಲೆ ಕೂತು ಕಾಫಿ ಕುಡೀತಾ ಇದ್ದು ಬನ್ನಿ, ಭಾಷಣ ಬೇಡ.

ಕೇಳಿದ್ದೆಲ್ಲ ಮಗಳ ಮುಂದೆ ಒಪ್ಪಿಸ್ಬೇಡಿ ಆಯ್ತಾ, ‘ಪೌಲಿನಾ, ಶೋನೆನ್ ನೈಫ್’ ಅಂತ ಹೆಸರು ಉದುರಿಸಿದ್ರೆ 16ರ ಹುಡುಗಿ ಕಣ್ಣು ಮೇಲೆ ಮಾಡ್ತಾಳೆ. ಒಂದೇ ಒಂದು ಪ್ರಶ್ನೆ ಕೇಳಿ, ನಿಮ್ಗೆ ನಿಜವಾಗ್ಲೂ ಬಂದ ಡೌಟು. ಕಾಲಿನಲ್ಲಿ ಒತ್ತೋ ದೊಡ್ಡ ಡ್ರಮ್ಮು ಕೈಯ ತಾಳಕ್ಕೆ ಹೇಗೆ ಕೂಡ್ತಾರೆ, ಅಂಥದ್ದು. ಅವಳಿಗೆ ಉತ್ತರ ಹೇಳದೆ ಇರೋಕಾಗಲ್ಲ.

ಆದ್ರೆ ಅದು ಆಮೇಲೆ. ಇವತ್ತು ರಾತ್ರಿ ಗಲ್ಲಾ ಲೆಕ್ಕ ಮುಗಿಸುವಾಗ ಚಿಲ್ಲರೆ ಡಬ್ಬಿ ಹಿಂದಿಂದ ಎರಡೂ ಕೋಲು ತೆಗ್ದು ಬ್ಯಾಗಿಗೆ ಹಾಕ್ಕೊಳ್ಳಿ. ಸೋಫಾ ಕೆಳಗೆ ಸಿಕ್ತು ಅಂತ ಕಥೆ ಕಟ್ಬೇಡಿ, ಹೆಂಡ್ತಿ ಕೈಲಿ ಕೊಡಿಸ್ಬೇಡಿ. ‘ನಾನೇ ತಗೊಂಡು ಹೋಗಿದ್ದೆ, ತಪ್ಪಾಯ್ತು’ ಅನ್ನಿ, ಕೋಲು ಅವಳ ಕೈಗೆ ಕೊಡಿ, ಊಟಕ್ಕೆ ಕೂತ್ಕೊಳ್ಳಿ. ಅವಳು ಆವತ್ತೇ ಮಾತಾಡ್ದೇ ಇದ್ರೂ ನನಗೆ ಬೈಬೇಡಿ, 12 ದಿನದ್ದು ಒಂದು ರಾತ್ರೀಲಿ ಹೋಗಲ್ಲ.