ಹಂಚುವುದೋ, ದೋಚುವುದೋ? ಓದುಗರ ಪ್ರಶ್ನೆ, ನಮ್ಮ ಉತ್ತರ

ಗುರುತಿಲ್ಲದವರನ್ನು ಎದುರುಬದುರು ಕೂರಿಸಿ ನಂಬಿಕೆಯನ್ನೂ ದುರಾಸೆಯನ್ನೂ ಒರೆಗೆ ಹಚ್ಚುವ ಟಿ.ವಿ. ಆಟಗಳ ಬಗ್ಗೆ ಕೊಡಗಿನ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ನಮ್ಮದು ಪೊನ್ನಂಪೇಟೆ ಕಡೆಯ ಯುವಕ ಸಂಘ. ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ ಒಂದು ಭಾನುವಾರ ಪರಿಚಯವಿಲ್ಲದ 12 ಜನರನ್ನು ಸೇರಿಸಿ ಇಂಥದೊಂದು ಆಟ ಆಡಿಸಬೇಕೆಂದಿದ್ದೇವೆ. ಸಂಘದ ಹಣ 15,000 ರೂಪಾಯಿ ಇದೆ. ಎಲ್ಲಿಂದ ಶುರು ಮಾಡಲಿ?
*— ಸಂಘದ ಕಾರ್ಯದರ್ಶಿ*

ಉತ್ತರ: ಮೊದಲ ತೊಡಕು ‘ಪರಿಚಯವಿಲ್ಲದ’ ಎಂಬ ಮಾತಿನಲ್ಲೇ ಇದೆ. ಕೊಡಗಿನಲ್ಲಿ ಇಬ್ಬರು ಎದುರಾದರೆ ಬರುವ ಮೊದಲ ಪ್ರಶ್ನೆ ‘ಯಾವ ಮನೆಯವರು?’ ಮನೆಹೆಸರು ಬಾಯಿಗೆ ಬಂತೆಂದರೆ ಐದು ನಿಮಿಷದಲ್ಲಿ ಅತ್ತೆಯ ತವರಿನಿಂದಲೋ ಹಾಕಿ ತಂಡದಿಂದಲೋ ಒಂದು ನಂಟು ಹೊರಡುತ್ತದೆ. ನಂಟು ಸಿಕ್ಕ ಮೇಲೆ ಯಾರೂ ಮೋಸ ಮಾಡುವುದಿಲ್ಲ. ಅದಕ್ಕೆ ಕಾರಣ ಒಳ್ಳೆಯತನವೇ ಎನ್ನಲಾಗದು, ನಾಳೆ ಮದುವೆ ಮನೆಯಲ್ಲಿ ಮುಖ ನೋಡಬೇಕಲ್ಲ ಎಂಬ ಹೆದರಿಕೆಯೂ ಇರಬಹುದು. ಆದ್ದರಿಂದ ಎದೆಗೆ ಹೆಸರು ಬೇಡ, 1ರಿಂದ 12ರ ವರೆಗೆ ಅಂಕಿಯ ಚೀಟಿ ಅಂಟಿಸಿ. ಅರ್ಜಿಯಲ್ಲಿ ಓದಿದ ಶಾಲೆ, ಆಡುವ ಕ್ಲಬ್, ಕೆಲಸದ ಜಾಗ ಕೇಳಿ, ಒಂದೇ ಕಡೆಯವರನ್ನು ಬೇರೆ ಬೇರೆ ಗುಂಪಿಗೆ ಹಾಕಿ. ಗೋಣಿಕೊಪ್ಪದಿಂದ ಎಲ್ಲರನ್ನೂ ಒಂದೇ ಜೀಪಿನಲ್ಲಿ ಕರೆತರಬೇಡಿ, ದಾರಿಯಲ್ಲೇ ಒಪ್ಪಂದ ಆಗಿಬಿಡುತ್ತದೆ.

ಮೊದಲ ಹಂತ, ಹುಂಡಿ ಆಟ. ನಾಲ್ಕು ಜನರ ಮೂರು ಗುಂಪು ಮಾಡಿ. ಪ್ರತಿ ಸುತ್ತಿನಲ್ಲೂ ಒಬ್ಬೊಬ್ಬರ ಲೆಕ್ಕಕ್ಕೆ 10 ಅಂಕ. ಅದರಲ್ಲಿ ಸೊನ್ನೆಯಿಂದ ಹತ್ತರ ವರೆಗೆ ಎಷ್ಟು ಬೇಕಾದರೂ ಗುಂಪಿನ ಹುಂಡಿಗೆ ಕೊಡಬಹುದು, ಉಳಿದದ್ದು ತನಗೆ. ಹುಂಡಿಗೆ ಬಿದ್ದದ್ದನ್ನು ನೀವು ಇಮ್ಮಡಿ ಮಾಡಿ, ಯಾರು ಎಷ್ಟೇ ಕೊಟ್ಟಿರಲಿ, ನಾಲ್ವರಿಗೂ ಸಮನಾಗಿ ಹಂಚಬೇಕು. ನಾಲ್ವರೂ ಹತ್ತು ಹತ್ತು ಹಾಕಿದರೆ 40 ಸೇರಿ 80 ಆಗಿ ತಲೆಗೆ 20 ಬರುತ್ತದೆ. ಮೂವರು ಹಾಕಿ ಒಬ್ಬ ಕೈ ಬಿಗಿಹಿಡಿದರೆ 30ಕ್ಕೆ 60, ತಲೆಗೆ 15. ಆದರೆ ಆ ಒಬ್ಬನಿಗೆ ತಾನು ಉಳಿಸಿಕೊಂಡ ಹತ್ತೂ ಸೇರಿ 25. ಯಾರೂ ಹಾಕದಿದ್ದರೆ ಎಲ್ಲರಿಗೂ ಹತ್ತೇ. ಇಡೀ ಆಟದ ಕಾವು ಇರುವುದು 20 ಮತ್ತು 25ರ ನಡುವಿನ ಆ ಐದು ಅಂಕದಲ್ಲಿ.

ಅಂಕಗಳಿಗೆ ಬದಲು ಕಾಫಿ ಬೀಜ, ಕರಿಮೆಣಸು ಬಳಸುವ ಯೋಚನೆ ಯಾರಿಗಾದರೂ ಬರುತ್ತದೆ. ಬೇಡ. ನಿಮ್ಮೂರಲ್ಲಿ ಅವು ಯಾರ ಜೇಬಿನಲ್ಲಿ ಬೇಕಾದರೂ ಇರುತ್ತವೆ. ರಟ್ಟಿನ ಬಿಲ್ಲೆ ಹಾಕಿಸಿದರೆ ಲಕೋಟೆಯ ದಪ್ಪವೇ ಗುಟ್ಟು ಬಿಟ್ಟುಕೊಡುತ್ತದೆ. ಒಂದೇ ಅಳತೆಯ ಚೀಟಿ, ಎಲ್ಲರಿಗೂ ಒಂದೇ ಬಣ್ಣದ ಪೆನ್ನು ಕೊಡಿ. ತಮ್ಮ ಅಂಕಿ, ಕೊಡುವ ಅಂಕ ಬರೆದು ಎರಡು ಮಡಿಕೆ ಮಡಿಸಿ ಡಬ್ಬಕ್ಕೆ ಹಾಕಲಿ. ಸೊನ್ನೆ ಕೊಡುವವರೂ ಚೀಟಿ ಹಾಕಲೇಬೇಕು. ಎಣಿಸಲು ಇಬ್ಬರಿರಲಿ, ಒಬ್ಬರು ಓದಲಿ, ಇನ್ನೊಬ್ಬರು ಬರೆಯಲಿ. ಹೊರಗೆ ಹೇಳುವುದು ಗುಂಪಿನ ಮೊತ್ತ ಮಾತ್ರ. ಮೊಬೈಲ್ ಆ್ಯಪ್ ನೆಚ್ಚಿಕೊಳ್ಳಬೇಡಿ. ಒಂದು ಮಳೆ ಹೊಡೆದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಶೀಟ್ ಮಾಡಿನ ಹಾಲ್ ಆದರೆ ಮಳೆಯ ಸದ್ದಿನಲ್ಲಿ ನಿಯಮವೇ ಕೇಳಿಸದು. ಬ್ಯಾಟರಿಯ ಮೈಕ್ ಇಟ್ಟುಕೊಳ್ಳಿ, ನಿಯಮಗಳನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿ.

ಎಷ್ಟು ಸುತ್ತು ಎಂದು ಮೊದಲೇ ಹೇಳಿದಿರೋ, ಆಟ ಕೆಟ್ಟಿತು. ಕೊನೆಯ ಸುತ್ತು ಎಂದು ಗೊತ್ತಾದೊಡನೆ ಕೊಡುವ ಕೈ ಹಿಂದೆ ಸರಿಯುತ್ತದೆ. ನಾಲ್ಕನೆಯ ಸುತ್ತು ಮುಗಿದ ಮೇಲೆ ಪ್ರತಿ ಸಲ ಎಲ್ಲರೆದುರು ದಾಳ ಉರುಳಿಸಿ. 5 ಅಥವಾ 6 ಬಿದ್ದರೆ ಆಟ ನಿಂತಿತು, ಇಲ್ಲವಾದರೆ ಇನ್ನೊಂದು ಸುತ್ತು. ಹೆಚ್ಚೆಂದರೆ ಎಂಟು ಸುತ್ತು, ಆ ಮಿತಿ ನಿಮ್ಮ ಮನಸ್ಸಿನಲ್ಲೇ ಇರಲಿ. ಅಂಕಕ್ಕೆ 5 ರೂಪಾಯಿ ಇಟ್ಟರೆ ಎಲ್ಲರೂ ಎಂಟೂ ಸುತ್ತು ಪೂರ್ತಿ ಕೊಟ್ಟರೂ 9,600 ದಾಟುವುದಿಲ್ಲ. ಅಷ್ಟಂತೂ ಖರ್ಚಾಗದು. ಮೊದಲ ಸುತ್ತಿನಲ್ಲಿ ಅರ್ಧದಷ್ಟು ಹುಂಡಿಗೆ ಬೀಳುವುದು, ಆಮೇಲೆ ಸುತ್ತಿನಿಂದ ಸುತ್ತಿಗೆ ಇಳಿಯುವುದು ಇಂಥ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಎಲ್ಲರೂ ದುರಾಸೆಯವರೆಂದು ಇದರ ಅರ್ಥವಲ್ಲ. ಕೊಟ್ಟವನಿಗೆ ‘ನಾನೊಬ್ಬನೇ ಯಾಕೆ ಕೊಡಲಿ’ ಅನಿಸಿ ಅವನೂ ಕೈ ಹಿಡಿಯುತ್ತಾನೆ.

ಎರಡನೇ ಹಂತ, ಹಂಚು–ದೋಚು. ಇಲ್ಲಿ ಸಂಘಗಳು ಮಾಡುವ ತಪ್ಪೊಂದಿದೆ: ಹೆಚ್ಚು ಅಂಕ ಗಳಿಸಿದ ಇಬ್ಬರನ್ನು ಫೈನಲ್‌ಗೆ ಕಳಿಸುವುದು. ಮೇಲಿನ ಲೆಕ್ಕ ನೋಡಿ, ಹುಂಡಿ ಆಟದಲ್ಲಿ ಹೆಚ್ಚು ಅಂಕ ಸೇರುವುದೇ ಕೊಡದವನಿಗೆ! ಅದರ ಬದಲು ಹನ್ನೆರಡೂ ಜನರನ್ನು ಆರು ಜೋಡಿ ಮಾಡಿ, ಜೋಡಿಯ ಇಬ್ಬರೂ ಬೇರೆ ಬೇರೆ ಗುಂಪಿನವರಾಗಿರಲಿ. ಜೋಡಿಗೆ 900 ರೂಪಾಯಿಯಂತೆ 5,400. ಮೇಜಿನ ಮೇಲೆ ಒಬ್ಬೊಬ್ಬರ ಮುಂದೆ ಒಂದೇ ತರದ ಎರಡು ಸ್ಟೀಲ್ ಡಬ್ಬಿ, ಒಂದರೊಳಗೆ ‘ಹಂಚು’, ಇನ್ನೊಂದರೊಳಗೆ ‘ದೋಚು’ ಎಂಬ ರಟ್ಟು. ಆಟಗಾರರು ಮುಚ್ಚಳ ಓರೆ ಮಾಡಿ ಯಾವುದು ಯಾವುದೆಂದು ನೋಡಿಕೊಂಡು, ಬಾಯಿಬಿಟ್ಟು ‘ನೋಡಿದೆ’ ಎನ್ನಬೇಕು. ಈ ಹೆಜ್ಜೆ ಬಿಟ್ಟರೆ ‘ನಾನು ಹಂಚು ಅಂದುಕೊಂಡೇ ಎತ್ತಿದ್ದು’ ಎಂಬ ಜಗಳ ಖಂಡಿತ. ಮೂರು ನಿಮಿಷ ಮಾತಿಗೆ ಬಿಡಿ. ಮುಟ್ಟಿ ಆಣೆ ಮಾಡಿಸುವುದು, ದೇವರ ಮೇಲೆ, ಕಾವೇರಮ್ಮನ ಮೇಲೆ ಪ್ರಮಾಣ ಮಾಡಿಸುವುದು ಬೇಡವೆಂದು ಮೊದಲೇ ಹೇಳಿ. ಅದು ಆಟದ ಗೆರೆ ದಾಟಿ ಮನೆಗೆ ಹೋಗುವ ಸಂಗತಿ. ಸಮಯ ಮುಗಿದೊಡನೆ ಆರಿಸಿದ ಡಬ್ಬಿ ಮುಂದಕ್ಕೆ ತಳ್ಳಿ, ಇಬ್ಬರೂ ಒಟ್ಟಿಗೆ ಮುಚ್ಚಳ ತೆಗೆಯಬೇಕು. ಇಬ್ಬರೂ ಹಂಚು ಎಂದರೆ 450–450. ಒಬ್ಬರು ದೋಚಿದರೆ 900 ಪೂರ್ತಿ ಅವರದು. ಇಬ್ಬರೂ ದೋಚಿದರೆ ಇಬ್ಬರಿಗೂ ಇಲ್ಲ.

ಒಂದು ಸಲಹೆ. ಮೂರು ಜೋಡಿಗೆ ಮಾತು ಶುರುವಾಗುವ ಮೊದಲು ‘ಎದುರಿನವರು ಹುಂಡಿ ಆಟದಲ್ಲಿ ಸುತ್ತಿಗೆ ಸರಾಸರಿ ಎಷ್ಟು ಕೊಟ್ಟರು’ ಎಂಬ ಚೀಟಿ ಕೊಡಿ, ಉಳಿದ ಮೂರಕ್ಕೆ ಕೊಡಬೇಡಿ. ಹಳೆಯ ನಡತೆ ಗೊತ್ತಿರುವಾಗ ಮಾತು ಹೇಗೆ ಬದಲಾಗುತ್ತದೆ ಎಂಬುದನ್ನು ಪ್ರೇಕ್ಷಕರು ಕಣ್ಣಾರೆ ನೋಡಲಿ. ಚೀಟಿ ಕೊಡುವುದುಂಟು ಎಂದು ಬೆಳಿಗ್ಗೆಯೇ ಎಲ್ಲರಿಗೂ ತಿಳಿಸಿ ಒಪ್ಪಿಗೆ ಪಡೆದಿರಬೇಕು.

ಆಟಗಾರರಿಂದ ಪ್ರವೇಶ ಶುಲ್ಕ ಎತ್ತಿ ಅದನ್ನೇ ಬಹುಮಾನ ಮಾಡಬೇಡಿ, ಜೂಜಿನ ತಕರಾರು ಮೈಮೇಲೆ ಬರುತ್ತದೆ. ಸಂಘದ ಹಣವೇ ಸರಿ.

ಪ್ರಶ್ನೆ: ಟಿ.ವಿ.ಯಲ್ಲಿ ಕಣ್ಣೀರು ಹಾಕಿ ಮಾತು ಕೊಟ್ಟವರೇ ಎಲ್ಲ ದೋಚಿಕೊಂಡು ಹೋಗುತ್ತಾರೆ. ಹಾಗಾದರೆ ಮಾತಿಗೆ ಬೆಲೆಯೇ ಇಲ್ಲವೇ?
*— ಓದುಗರು, ವಿರಾಜಪೇಟೆ*

ಉತ್ತರ: ಇದೆ, ಅದಕ್ಕೆ ಲೆಕ್ಕವೂ ಇದೆ. ಬ್ರಿಟನ್ನಿನ ಐಟಿವಿಯಲ್ಲಿ 2007ರಿಂದ 2009ರ ವರೆಗೆ ಬಂದ ‘ಗೋಲ್ಡನ್ ಬಾಲ್ಸ್’ ಕಾರ್ಯಕ್ರಮದ ಕೊನೆಯ ಸುತ್ತು ಮೇಲೆ ಹೇಳಿದ ಹಂಚು–ದೋಚು ಆಟವೇ. ಅದರ 287 ಕಂತುಗಳನ್ನು ಅರ್ಥಶಾಸ್ತ್ರಜ್ಞರು ಕೂತು ಎಣಿಸಿದರು. ನೊಬೆಲ್ ಪಡೆದ ರಿಚರ್ಡ್ ಥೇಲರ್ ಕೂಡ ಅವರಲ್ಲಿ ಒಬ್ಬರು. 574 ಆಟಗಾರರಲ್ಲಿ ಶೇ. 53 ಮಂದಿ ಹಂಚಿದ್ದರು. ಮತ್ತೆಂದೂ ಭೇಟಿಯಾಗಬೇಕಿಲ್ಲದ ಜನ, ಎದುರಿಗೆ ಸಾವಿರಾರು ಪೌಂಡ್, ಆದರೂ ಅರ್ಧಕ್ಕಿಂತ ಹೆಚ್ಚು ಮಂದಿ ಹಂಚುವುದನ್ನೇ ಆರಿಸಿಕೊಂಡರು. ಇದು ಸಣ್ಣ ಸಂಗತಿಯಲ್ಲ. ನಮ್ಮ ನೆನಪಿನಲ್ಲಿ ಉಳಿಯುವುದು ಮಾತ್ರ ದೋಚಿದವರ ಮುಖ.

ಮಾತು ಕೊಟ್ಟವರನ್ನು ನಂಬುವಾಗ ಅದು ಯಾವ ಬಗೆಯ ಮಾತು ಎಂದು ಕಿವಿಗೊಡಿ. ‘ನಾನು ಹಂಚುತ್ತೇನೆ’ ಎಂದು ನೇರವಾಗಿ, ತಾನಾಗಿ ಹೇಳಿದವರು ಹಂಚುವ ಸಾಧ್ಯತೆ ಹೆಚ್ಚು. ‘ನಾನು ಅಂಥವನಲ್ಲ’, ‘ಹಂಚಿದರೆ ಇಬ್ಬರಿಗೂ ಒಳ್ಳೇದಲ್ವಾ’ ಎಂಬಂಥ ನುಣುಚುವ ಮಾತಿಗೆ ಆ ತೂಕವಿಲ್ಲ. ಸುಳ್ಳು ಹೇಳಲು ಹಿಂಜರಿಯುವವರು ನೇರ ಸುಳ್ಳಿಗಿಂತ ಆಮೇಲೆ ತಪ್ಪಿಸಿಕೊಳ್ಳಬಹುದಾದ ಮಾತನ್ನೇ ಆರಿಸುತ್ತಾರೆ.

ಅದೇ ಕಾರ್ಯಕ್ರಮದ ಒಂದು ಕಂತು ನೋಡಬೇಕಾದ್ದು. 13,600 ಪೌಂಡ್ ಎದುರಿಗಿತ್ತು. ಒಬ್ಬ ಆಟಗಾರ ಎದುರಿನವನಿಗೆ ‘ನಾನು ದೋಚಿಯೇ ದೋಚುತ್ತೇನೆ. ನೀನು ಹಂಚು, ಆಟ ಮುಗಿದ ಮೇಲೆ ಅರ್ಧ ಕೊಡುತ್ತೇನೆ’ ಎಂದು ಪಟ್ಟು ಹಿಡಿದ. ಎದುರಿನವನಿಗೆ ರೇಗಿತು. ಆದರೆ ಅವನ ಲೆಕ್ಕ ನೋಡಿ: ಇವನು ದೋಚುವುದೇ ಖಚಿತವಾದರೆ ತಾನೂ ದೋಚಿದರೆ ಸೊನ್ನೆ, ಹಂಚಿದರೆ ಆಮೇಲೆ ಅರ್ಧ ಸಿಕ್ಕರೂ ಸಿಕ್ಕೀತು. ಹಂಚಿದ. ಮುಚ್ಚಳ ತೆಗೆದರೆ ಮೊದಲನೆಯವನೂ ಹಂಚೇ! ಈ ಉಪಾಯ ಫಲಿಸಲು ಕಾರಣ ನಿಯಮದಲ್ಲಿರುವ ಒಂದು ಸಡಿಲು: ಎದುರಿನವರು ದೋಚಿದರೆ ನೀವು ಏನೇ ಆರಿಸಿದರೂ ಸೊನ್ನೆ. ಪೊನ್ನಂಪೇಟೆಯ ಸಂಘದವರು ಈ ದಾರಿ ಮುಚ್ಚಬೇಕೆಂದರೆ ‘ಇಬ್ಬರೂ ದೋಚಿದರೆ ತಲೆಗೆ 100 ರೂಪಾಯಿ’ ಎಂದು ಸೇರಿಸಲಿ. ಆಗ ಏಮಾರುವುದಕ್ಕೂ ಇಬ್ಬರೂ ದೋಚುವುದಕ್ಕೂ ವ್ಯತ್ಯಾಸ ಬಂದು ಸಂದಿಗ್ಧ ಪೂರ್ತಿ ಬಿಗಿಯಾಗುತ್ತದೆ.

ನಿಜ ಬದುಕು ಹೀಗೆ ಒಂದೇ ಸುತ್ತಿನದಲ್ಲ. ನಾಟಿಗೆ ಮುಯ್ಯಾಳು ಬಂದವರ ಗದ್ದೆಗೆ ನಾವು ಹೋಗದಿದ್ದರೆ ಮುಂದಿನ ವರ್ಷ ನಮ್ಮ ಗದ್ದೆಗೆ ಯಾರು? ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ ಕಂಪ್ಯೂಟರ್ ಪ್ರೋಗ್ರಾಮ್‌ಗಳ ನಡುವೆ ಇದೇ ಸಂದಿಗ್ಧವನ್ನು ನೂರಾರು ಸುತ್ತು ಆಡಿಸಿದಾಗ ಗೆದ್ದದ್ದು ಅತಿ ಸರಳವಾದ ಒಂದು ತಂತ್ರ: ಮೊದಲು ಸಹಕರಿಸು, ಆಮೇಲೆ ಎದುರಿನವರು ಹಿಂದಿನ ಸಲ ಮಾಡಿದ್ದನ್ನೇ ಮಾಡು. ಟಿ.ವಿ. ಆಟ ತೆಗೆದುಹಾಕುವುದು ಆ ‘ಮುಂದಿನ ಸಲ’ವನ್ನು. ಒಬ್ಬರು ಅಲ್ಲಿ ದೋಚಿದರೆಂದು ಊರಲ್ಲೂ ಹಾಗೇ ಎಂದು ತೀರ್ಮಾನಿಸುವುದು ಅವರಿಗೆ ಮಾಡುವ ಅನ್ಯಾಯ.

ಪ್ರಶ್ನೆ: ಗೆಳೆಯರು 9 ಜನ ಹೋಂಸ್ಟೇಗೆ ಹೋಗುತ್ತಿದ್ದೇವೆ. ‘ದಿ ಟ್ರೇಟರ್ಸ್’ ತರ ಆಡಬೇಕು. ದ್ರೋಹಿಗಳು ಎಷ್ಟಿರಬೇಕು?
*— ಓದುಗರು, ಸೋಮವಾರಪೇಟೆ*

ಉತ್ತರ: ಗುಂಪಿನೊಳಗೆ ಗುಟ್ಟಾಗಿರುವ ದ್ರೋಹಿಗಳು ‘ರಾತ್ರಿ’ ಒಬ್ಬೊಬ್ಬರನ್ನೇ ಹೊರಹಾಕುವುದು, ಉಳಿದ ನಂಬಿಗಸ್ತರು ‘ಹಗಲು’ ಚರ್ಚಿಸಿ ಅವರನ್ನು ಪತ್ತೆಹಚ್ಚುವುದು ಈ ಆಟ. ಒಬ್ಬರು ಆಟ ನಡೆಸಲಿ, ಆಡುವ ಎಂಟು ಜನರಲ್ಲಿ ಇಬ್ಬರು ದ್ರೋಹಿಗಳು. ಮೂವರಾದರೆ ನಂಬಿಗಸ್ತರಿಗೆ ಉಸಿರಾಡಲು ಎಡೆಯಿಲ್ಲ. ಇದರ ಮೂಲ 1986ರಲ್ಲಿ ಮಾಸ್ಕೋದ ಮನಶ್ಶಾಸ್ತ್ರ ವಿದ್ಯಾರ್ಥಿ ದಿಮಿತ್ರಿ ದವಿದೋವ್ ಕಟ್ಟಿದ ‘ಮಾಫಿಯಾ’ ಆಟ. ಟಿ.ವಿ. ರೂಪ 2021ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾಗಿ, 2025ರಲ್ಲಿ ಹಿಂದಿಗೂ ಬಂತು.

ಇಸ್ಪೀಟ್ ಎಲೆ ಹಂಚಿ ಪಾತ್ರ ಕೊಡಿ, ಎರಡು ಕಪ್ಪು, ಆರು ಕೆಂಪು. ಎಲ್ಲರೂ ಕಣ್ಣು ಮುಚ್ಚಿದಾಗ ದ್ರೋಹಿಗಳು ಬೆರಳು ತೋರಿಸುವ ಸದ್ದು ಪಕ್ಕದವರಿಗೆ ಕೇಳುತ್ತದೆ. ಆ ಹೊತ್ತಿಗೆ ಎಲ್ಲರೂ ತೊಡೆ ತಟ್ಟುತ್ತಿರಲಿ. ಮೊಬೈಲ್‌ಗಳು ಬೇರೆ ಕೋಣೆಯಲ್ಲಿರಲಿ, ಕತ್ತಲಲ್ಲಿ ಪರದೆಯ ಬೆಳಕೇ ಮುಖ ತೋರಿಸಿಬಿಡುತ್ತದೆ. ಮೊದಲ ರಾತ್ರಿ ಯಾರನ್ನೂ ಹೊರಹಾಕಬೇಡಿ. ಅಷ್ಟು ದೂರ ಬಂದವರು ಎರಡನೇ ನಿಮಿಷಕ್ಕೇ ಮೂಲೆಗೆ ಕೂರುವುದು ಚೆನ್ನಾಗಿರದು.

ಪ್ರಶ್ನೆ: ‘ರಿಯಾಲಿಟಿ ಶೋಗೆ ಆಯ್ಕೆಯಾಗಿದ್ದೀರಿ, ನೋಂದಣಿಗೆ 4,500 ರೂಪಾಯಿ ಕಳಿಸಿ’ ಎಂದು ವಾಟ್ಸ್‌ಆ್ಯಪ್ ಬಂದಿದೆ. ಕಳಿಸಲೇ?
*— ಓದುಗರು, ಸಿದ್ದಾಪುರ*

ಉತ್ತರ: ಕಳಿಸಬೇಡಿ. ಅರ್ಜಿಯೇ ಹಾಕದ ಆಟಕ್ಕೆ ಯಾರೂ ಆಯ್ಕೆಯಾಗುವುದಿಲ್ಲ. ಆಯ್ಕೆ ಮಾಡಿದವರು ದುಡ್ಡು ಕೇಳುವುದೂ ಇಲ್ಲ. ಆಧಾರ್ ಚಿತ್ರ, ಒಟಿಪಿ ಯಾವುದನ್ನೂ ಕೊಡಬೇಡಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಪ್ರಶ್ನೆ: ಕಾಲೇಜಿನ ಶಿಬಿರದಲ್ಲಿ ಹಂಚು–ದೋಚು ಆಡಿಸಿದೆವು. ಇಬ್ಬರು ಹುಡುಗಿಯರು ಈಗ ಮಾತು ಬಿಟ್ಟಿದ್ದಾರೆ. ಎಲ್ಲಿ ತಪ್ಪಿತು?
*— ಉಪನ್ಯಾಸಕಿ, ಮಡಿಕೇರಿ*

ಉತ್ತರ: ಆಟ ಮುಗಿದೊಡನೆ ಊಟಕ್ಕೆ ಬಿಟ್ಟಿರಬೇಕು, ಹೆಚ್ಚಿನ ಕಡೆ ಆಗುವುದು ಹೀಗೇ. ಕೊನೆಯ ಡಬ್ಬಿ ತೆರೆದ ಮೇಲೆ ಅರ್ಧ ಗಂಟೆ ಎಲ್ಲರನ್ನೂ ವೃತ್ತವಾಗಿ ಕೂರಿಸಬೇಕಿತ್ತು. ಆಗ ‘ಯಾಕೆ ದೋಚಿದೆ?’ ಎಂದು ಕೇಳಬಾರದು, ಅದು ಪಾಟೀಸವಾಲು. ‘ಡಬ್ಬಿ ತಳ್ಳುವಾಗ ಎದುರಿನವರು ಏನು ಮಾಡುತ್ತಾರೆ ಅಂದುಕೊಂಡಿದ್ದೆ?’ ಎಂದು ಕೇಳಿ. ದೋಚಿದವರಲ್ಲಿ ಹಲವರ ಉತ್ತರ ‘ಅವಳೇ ದೋಚುತ್ತಾಳೆ ಅನ್ನಿಸಿತು’ ಎಂದಿರುತ್ತದೆ. ಅದು ಆಸೆಯಲ್ಲ, ಅಂಜಿಕೆ. ಏಮಾರಿದವರು ಅದನ್ನು ಕಿವಿಯಾರೆ ಕೇಳಬೇಕು.

ಈಗಲೂ ಕಾಲ ಮಿಂಚಿಲ್ಲ. ಇಬ್ಬರನ್ನೂ ಬೇರೆ ಬೇರೆ ಕರೆದು ಇದೇ ಪ್ರಶ್ನೆ ಕೇಳಿ, ಅವರು ಒಪ್ಪಿದರೆ ಮಾತ್ರ ಒಟ್ಟಿಗೆ ಕೂರಿಸಿ. ವಿಡಿಯೊ ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿದ್ದರೆ ಇವತ್ತೇ ತೆಗೆಸಿ. ಆಪ್ತ ಗೆಳತಿಯರನ್ನು ಎದುರುಬದುರು ಕೂರಿಸುವ ಆಟವಲ್ಲ ಇದು.

ಪ್ರಶ್ನೆ: ಇಂಥ ಆಟದಲ್ಲಿ 10 ಲಕ್ಷ ಗೆದ್ದು, ಆಮೇಲೆ ಜೊತೆ ಆಟಗಾರನಿಗೆ ಅರ್ಧ ಕೊಟ್ಟರೆ ತೆರಿಗೆ ಹೇಗೆ? ನಮಗೆ ತೋಟದ ಆದಾಯ ಮಾತ್ರ ಇದೆ.
*— ಓದುಗರು, ಕುಶಾಲನಗರ*

ಉತ್ತರ: ತೋಟದ ಕೃಷಿ ಆದಾಯಕ್ಕಿರುವ ವಿನಾಯಿತಿ ಬಹುಮಾನದ ಹಣಕ್ಕೆ ಅನ್ವಯಿಸದು. ಗೆದ್ದ ಹಣಕ್ಕೆ ಶೇ. 30 ತೆರಿಗೆ, ಆ ತೆರಿಗೆಯ ಮೇಲೆ ಶೇ. 4 ಸೆಸ್, ಒಟ್ಟು ಶೇ. 31.2. ಮೂಲ ವಿನಾಯಿತಿ ಮಿತಿಯಿಲ್ಲ, ಪ್ರಯಾಣದ ಖರ್ಚು ಕಳೆಯುವಂತೆಯೂ ಇಲ್ಲ. 10 ಲಕ್ಷಕ್ಕೆ 3,12,000 ಹೋಗಿ ಉಳಿಯುವುದು 6,88,000. ಅದರಲ್ಲಿ ಅರ್ಧ, 3,44,000 ರೂಪಾಯಿ, ಗೆಳೆಯನ ಕೈಗಿಟ್ಟರೆ ಅದು ಸಂಬಂಧಿಯಲ್ಲದವರಿಂದ ಬಂದ ಕೊಡುಗೆ. ವರ್ಷಕ್ಕೆ 50,000 ದಾಟಿದ ಇಂಥ ಕೊಡುಗೆ ಪೂರ್ತಿಯಾಗಿ ಅವರ ಆದಾಯಕ್ಕೆ ಸೇರುತ್ತದೆ, ಅವರ ಹಂತಕ್ಕೆ ತಕ್ಕಂತೆ ಇನ್ನೊಮ್ಮೆ ತೆರಿಗೆ ಬೀಳಬಹುದು. ವಾಹಿನಿಯೇ ಇಬ್ಬರ ಹೆಸರಿಗೂ ಐದೈದು ಲಕ್ಷ ಕೊಟ್ಟರೆ ಇಬ್ಬರಿಗೂ 3,44,000 ಉಳಿದು ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ‘ಆಟ ಮುಗಿದ ಮೇಲೆ ಅರ್ಧ ಕೊಡುತ್ತೇನೆ’ ಎಂಬ ಮಾತನ್ನು ನಂಬುವ ಮುನ್ನ ಈ ಎರಡನೇ ತೆರಿಗೆಯನ್ನೂ ಎಣಿಸಿ. ಕಾರಿನಂಥ ವಸ್ತು ಗೆದ್ದರೆ ತೆರಿಗೆ ಕಟ್ಟಿದ ಮೇಲೆಯೇ ಕೀಲಿ ಕೈಗೆ ಬರುವುದು. ಮೂಲದಲ್ಲೇ ತೆರಿಗೆ ಕಡಿತವಾದ ಪ್ರಮಾಣಪತ್ರವನ್ನು ವಾಹಿನಿಯಿಂದ ಕೇಳಿ ಪಡೆದು ರಿಟರ್ನ್ಸ್ ಸಲ್ಲಿಸುವ ತನಕ ಜೋಪಾನ ಮಾಡಿ.