ಮನಿಯಾಗ ಕನ್ನಡ ಬಂದ್ ಮಾಡಬ್ಯಾಡ್ರಿ

ಜಮಖಂಡಿಯಿಂದ ಪತ್ರ ಬರೆದ ತಾಯಿಯವರಿಗೆ,

ಕನ್ನಡ ಮೀಡಿಯಂದಾಗ ಓದಿ ಬಿ.ಕಾಂ. ಮುಗಿಸಿದ ಮಗಳನ್ನ ಇಂಟರ್‌ವ್ಯೂದಾಗ 'ಎಂಟಿಐ ಭಾಳ ಐತಿ' ಅಂತ ವಾಪಸ್ ಕಳಿಸಿದ್ರು, ಇನ್ನ ಮನಿಯಾಗ ಕನ್ನಡ ಮಾತಾಡೂದು ಬಿಟ್ರ ಆಕಿ ಇಂಗ್ಲಿಷ್ ಸುಧಾರಸ್ತೈತೇನು ಅಂತ ಕೇಳೀರಿ. ಬಿಡಬ್ಯಾಡ್ರಿ. ಎಂಟಿಐ ಅಂದ್ರ ಮದರ್ ಟಂಗ್ ಇನ್‌ಫ್ಲುಯೆನ್ಸ್, ಇಂಗ್ಲಿಷ್ ಆಡೂವಾಗ ಬೀಳೂ ತಾಯಿಮಾತಿನ ನೆರಳು, ಕಾಲ್ ಸೆಂಟರ್ ಮಂದಿ ಅದನ್ನ ಯಾವುದೋ ಜಡ್ಡಿನ ಹೆಸರು ಹೇಳಿದಂಗ ಹೇಳ್ತಾರ, ಖರೇ ಅಂದ್ರ ಅದು ಎಲ್ಲಾರಿಗೂ ಇರೂದ. ನಮ್ಮ ಬೆಳಗಾವಿ ಹೆಸರಾಗಿನ ಳ ಇಂಗ್ಲಿಷರ ನಾಲಿಗ್ಗೆ ಹತ್ತಲಿಲ್ಲ, 2014ರ ನವೆಂಬರ್ 1ಕ್ಕ ಹೆಸರು ಬದಲಾಗೂತನಾ ಇಂಗ್ಲಿಷ್ ಬೋರ್ಡಿನ್ಯಾಗ 'ಬೆಲ್ಗಾಮ್' ಅಂತನ ಇತ್ತು, ಅದಕ್ಕ ಅವರನ್ನ ಯಾರೂ ಫೇಲ್ ಮಾಡಲಿಲ್ಲ ಬಿಡ್ರಿ.

ಮಗಳ ನಾಲಿಗಿ ಏನ್ ಮಾಡ್ತೈತಿ ಅಂದ್ರ, ಕನ್ನಡದಾಗ ಶಬ್ದ ಹೆಚ್ಚಾಗಿ ಸ್ವರದಿಂದ ಮುಗೀತಾವು, ಹಿಂಗಾಗಿ ಬಸ್ ಹೋಗಿ ಬಸ್ಸು, ಕಾರ್ ಹೋಗಿ ಕಾರು. 'ಎಲ್ಲಿ' ಅಂತ ಬರದು 'ಯೆಲ್ಲಿ' ಅಂತೀವಿ, ಅದ ರೂಢಿ ಇಂಗ್ಲಿಷಿಗೂ ಹೋಗಿ ಎಗ್ 'ಯೆಗ್ಗು', ಓನ್ಲಿ 'ವೋನ್ಲಿ' ಆಗಿ, ಕೊನೀಗೆ ಕಿವಿ ಅನ್ನೋ ಇಯರಿಗೂ ವರ್ಷ ಅನ್ನೋ ಇಯರಿಗೂ ಫರಕ್ ಉಳಿಯಂಗಿಲ್ಲ. ಯುಪಿ ಬಿಹಾರದವ್ರು 'ಇಸ್ಕೂಲ್' ಅಂತಾರ, ಪಂಜಾಬಿನವ್ರು 'ಸಕೂಲ್', ಬಂಗಾಲಿಗಳಿಗೆ ವೆರಿ ಅನ್ನೂದು 'ಭೆರಿ'. ಇಲ್ಲೇ ಬೆಳಗಾವಿ ಮರಾಠಿ ಮನಿ ಹುಡುಗರು ನೋಡ್ರಿ, ಘರ್, ಗಾವ್ ಅಂತ ವ್ಯಂಜನಕ್ಕ ನಿಲ್ಲಿಸಿ ರೂಢಿ ಇರೂದ್ರಿಂದ ಅವರ ಬಾಯಾಗ ಬಸ್ ಅನ್ನೂದು ಬಸ್ ಆಗೇ ಉಳೀತೈತಿ.

ಆದ್ರ ನಮಗ ಹುಟ್ಟಿನಿಂದನ ಬಂದಿದ್ದೂ ಒಂದ್ ಐತಿ. ಇಂಗ್ಲಿಷಿನ ಬ್ಯಾಟ್, ಮ್ಯಾನ್ ಒಳಗಿನ ಆ ಅಗಲ ಸ್ವರ, ಅದಕ್ಕ ಎಷ್ಟೋ ಮಂದಿ ಕೋಚಿಂಗಿಗೆ ರೊಕ್ಕಾ ಕಟ್ತಾರ, ನಿಮ್ಮ ಮಗಳು ದಿನಾ 'ಬ್ಯಾಡ', 'ಮ್ಯಾಲೆ', 'ಹ್ಯಾಂಗ', 'ಬ್ಯಾಸಗಿ' ಅಂತಾಳಲ್ಲ, ಅಲ್ಲೇ ಕುಂತೈತಿ! ಸಾಲ್ಯಾಗ 'ಬೇಡ, ಮೇಲೆ' ಅನ್ನು ಅಂತ ತಿದ್ದಿ ತಿದ್ದಿ ಆ ಸ್ವರಕ್ಕ ನಾಚಿಕಿ ಪಡೂವಂಗ ಮಾಡಿದ್ವಿ ನಾವ. ಕನ್ನಡ ಬಿಡಿಸಿದ್ರ ಇದನ್ನೂ ಕಳ್ಕೋತಾಳ.

ಹಂಗಂತ ತಿದ್ದೂದು ಏನೂ ಇಲ್ಲಂತಲ್ಲ. ಥಿಂಕ್ ಅನ್ನೂವಾಗ ಹಲ್ಲಿನ ನಡುವ ನಾಲಿಗಿ ಇಡಾಕ ಒದ್ದಾಡೂದು ಬ್ಯಾಡ, ಬ್ಯಾರೆ ಬ್ಯಾರೆ ಭಾಷೆಯವರು ತಮ್ಮೊಳಗ ಇಂಗ್ಲಿಷ್ ಆಡೂವಾಗ ಅದರಿಂದ ಅರ್ಥ ಕೆಡಂಗಿಲ್ಲ ಅಂತ ಭಾಷಾಶಾಸ್ತ್ರಜ್ಞೆ ಜೆನಿಫರ್ ಜೆಂಕಿನ್ಸ್ 2000ದಾಗನ ಬರದಾರ, ಆದ್ರ ಶಬ್ದದ ಶುರುವಿನ ಪ, ಟ, ಕ ಜೋಡಿ ಉಸಿರು ಬಿಡೂದು ಬೇಕಂತಾರ. ಬಾಯಿ ಮುಂದ ಹಾಳಿ ಹಿಡದು ಪಿನ್ ಅನ್ನಲಿ, ಹಾಳಿ ಅಲುಗಬೇಕು, ಅಲುಗಲಿಲ್ಲಂದ್ರ ಆ ಕಡೆಯವ್ರಿಗೆ 'ಬಿನ್' ಕೇಳಸ್ತೈತಿ. ವೆಸ್ಟ್ ಎರಡದಾವು, ಬನಿಯನ್ನಿಗೆ ಹಲ್ಲು ಕೆಳತುಟಿಗೆ ತಾಗಬೇಕು, ಪಶ್ಚಿಮಕ್ಕ ತುಟಿ ದುಂಡಗ.

ನನ್ನ ಕೇಳಿದ್ರ ದೊಡ್ಡ ತೊಡಕು ಒತ್ತು. ನಾವು ಎಲ್ಲಾ ಅಕ್ಷರಕ್ಕೂ ಅಣ್ಣತಮ್ಮರು ಹೊಲ ಹಂಚಿದಂಗ ಸಮ ಪಾಲು ಕೊಡ್ತೀವಿ, ಇಂಗ್ಲಿಷಿನ್ಯಾಗ ಫೋಟೋಗ್ರಾಫ್ ಅಂದ್ರ ಭಾರ ಎಲ್ಲಾ 'ಫೋ' ಮ್ಯಾಲೆ, ಫೋಟೋಗ್ರಾಫರ್ ಅಂದ ಕೂಡ್ಲೆ ಅದು 'ಟಾ'ಗೆ ಜಿಗೀತೈತಿ, 'ಫೋ' ಸೊರಗಿ ಬರೇ 'ಫ' ಉಳೀತೈತಿ, ಇದು ಪುಸ್ತಕ ಓದಿ ಬರಂಗಿಲ್ಲ, ಕೇಳಿ ಕೇಳಿನ ಬರಬೇಕು. ದಿನಾ ಹತ್ತು ಶಬ್ದ ಮೊಬೈಲ್ ಡಿಕ್ಷನರಿಯಾಗ ಸ್ಪೀಕರ್ ಒತ್ತಿ ಕೇಳಲಿ, ತಾನೂ ಅಂದು ರೆಕಾರ್ಡ್ ಮಾಡಿ ಎರಡೂ ಜೋಡಿಸಿ ನೋಡಲಿ. ಮೊದಲನೇ ವಾರಕ್ಕ ಆ ಎರಡು ಇಯರ್ ಇರ್ಲಿ, ಎಷ್ಟರ ಮಟ್ಟಿಗೆ ಬ್ಯಾರೆ ಆದ್ವು ಅಂತ ನಮಗೊಂದು ಕಾರ್ಡ್ ಹಾಕ್ರಿ.

– ಸಂಪಾದಕ, ಬೆಳಗಾವಿ